‘ವಯಸ್ಸಾಯಿತು’ ಎನ್ನುವುದನ್ನು ಬಿಟ್ಟಿದ್ದೇನೆ

ಎರಡು ತಿಂಗಳ ಹಿಂದೆ ಅಂಗಿಗೆ ಗುಂಡಿ ಹೊಲಿಯಲು ಕುಳಿತಿದ್ದೆ. ದಾರದ ತುದಿಯನ್ನು ಒದ್ದೆ ಮಾಡಿ, ಹೊಸೆದು, ಕೈಯನ್ನು ದೂರ ಚಾಚಿ ಬೆಳಕಿಗೆ ಹಿಡಿದರೂ ಸೂಜಿಯ ಕಣ್ಣು ಮಸುಕಾಗಿಯೇ ಕಾಣುತ್ತಿತ್ತು. ದಾರ ನಾಲ್ಕು ಸಲ ಪಕ್ಕದಲ್ಲೇ ಜಾರಿತು. ‘ವಯಸ್ಸಾಯಿತು ನೋಡು’ ಎಂದು ತಂಗಿಯ ಕೈಗೆ ಕೊಟ್ಟೆ. ಅವಳು ಪೋಣಿಸಿ ಕೊಡುತ್ತಾ, ‘ಅಕ್ಕಾ, ಬೆಳಗಿನಿಂದ ಈ ಮಾತು ಇದು ಐದನೇ ಸಲ’ ಎಂದಳು.

ರಾತ್ರಿ ಮಲಗಿದ ಮೇಲೆ ಆ ಐದನ್ನೂ ನೆನಪಿಸಿಕೊಂಡೆ. ಸೂಜಿಯ ವಿಷಯ ನಿಜ. ನಲವತ್ತರ ಆಸುಪಾಸಿನಿಂದಲೇ ಕಣ್ಣಿನ ಮಸೂರ ಗಟ್ಟಿಯಾಗುತ್ತಾ ಬಂದು ಹತ್ತಿರದ್ದು ಮಸುಕಾಗುತ್ತದೆ, ಕನ್ನಡಕ ಹಾಕಿಕೊಂಡರೆ ಮುಗಿಯಿತು. ಉಳಿದವು? ಬೀಗದ ಕೈ ಹುಡುಕಿದ್ದು, ಬಿಸಿಲಲ್ಲಿ ನಡೆದು ದಣಿದದ್ದು, ಮೊಬೈಲ್‌ನಲ್ಲಿ ಏನೋ ಅರ್ಥವಾಗದ್ದು, ಈಜು ಕಲಿಯೋಣ ಬಾ ಎಂದ ಗೆಳತಿಗೆ ಬೇಡವೆಂದದ್ದು. ಬೀಗದ ಕೈಯನ್ನು ನಾನು ಇಪ್ಪತ್ತೈದರಲ್ಲೂ ಕಳೆಯುತ್ತಿದ್ದೆ. ಆಗ ಯಾರೂ ಅದನ್ನು ವಯಸ್ಸಿನ ತಲೆಗೆ ಕಟ್ಟಲಿಲ್ಲ. ಈಜಿಗೆ ಬೇಡವೆಂದದ್ದಂತೂ ಬರೀ ಭಯ. ವಯಸ್ಸಿನ ಹೆಸರು ಹೇಳಿದರೆ ಯಾರೂ ಮರುಮಾತಾಡುವುದಿಲ್ಲವಲ್ಲ!

ನಮ್ಮ ಗಾದೆಗಳಿಗೂ ಈ ವಿಷಯದಲ್ಲಿ ಕರುಣೆಯಿಲ್ಲ. ಅರವತ್ತಕ್ಕೆ ಅರಳು ಮರಳು. ಊರು ಹೋಗು ಎನ್ನುತ್ತದೆ, ಕಾಡು ಬಾ ಎನ್ನುತ್ತದೆ. ಚಿಕ್ಕಂದಿನಿಂದ ಕೇಳಿ ಕೇಳಿ, ನಮ್ಮ ಸರದಿ ಬಂದಾಗ ಅದನ್ನೇ ನಂಬಿಬಿಡುತ್ತೇವೆ.

ನಂಬಿಕೆ ಮೈಗೂ ಇಳಿಯುತ್ತದೆ ಎಂದು ಸೂಚಿಸುವ ಒಂದು ಅಧ್ಯಯನವಿದೆ. ಅಮೆರಿಕದ ಒಹಾಯೊದಲ್ಲಿ 50 ವರ್ಷ ಮೇಲ್ಪಟ್ಟ 660 ಮಂದಿಗೆ ತಮ್ಮ ಮುಪ್ಪಿನ ಬಗ್ಗೆ ಏನನ್ನಿಸುತ್ತದೆ ಎಂದು ಕೇಳಿದ್ದರು. ಯೇಲ್ ವಿಶ್ವವಿದ್ಯಾಲಯದ ಬೆಕ್ಕಾ ಲೆವಿ ಮತ್ತು ಸಂಗಡಿಗರು ಆ ಉತ್ತರಗಳನ್ನು ಅವರ ಆಯುಸ್ಸಿನೊಂದಿಗೆ ಹೋಲಿಸಿ 2002ರಲ್ಲಿ ಪ್ರಕಟಿಸಿದರು. ಒಳ್ಳೆಯ ಭಾವನೆಯಿದ್ದವರು ಉಳಿದವರಿಗಿಂತ ಸುಮಾರು ಏಳೂವರೆ ವರ್ಷ ಹೆಚ್ಚು ಬದುಕಿದ್ದರು. ಆರೋಗ್ಯ, ಆರ್ಥಿಕ ಸ್ಥಿತಿಗಳನ್ನು ಲೆಕ್ಕಕ್ಕೆ ಹಿಡಿದ ಮೇಲೂ ವ್ಯತ್ಯಾಸ ಅಳಿಯಲಿಲ್ಲ.

ನನ್ನನ್ನು ಇನ್ನೂ ಹೆಚ್ಚು ತಟ್ಟಿದ್ದು 1990ರ ಒಂದು ಪುಟ್ಟ ಪ್ರಯೋಗ. ವೃದ್ಧಾಶ್ರಮದಲ್ಲಿದ್ದ, ತೊಂಬತ್ತರ ಆಸುಪಾಸಿನ ಹತ್ತು ಮಂದಿ ದುರ್ಬಲ ಹಿರಿಯರಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತುವ ವ್ಯಾಯಾಮ ಮಾಡಿಸಿದರು. ಕೊನೆಯವರೆಗೆ ಮಾಡಿದ ಒಂಬತ್ತು ಮಂದಿಯ ಕಾಲಿನ ಬಲ ಸರಾಸರಿ ಶೇಕಡ 174ರಷ್ಟು ಹೆಚ್ಚಿತು. ತೊಂಬತ್ತರಲ್ಲಿ! ಕಾಲು ಸೋಲುವುದಕ್ಕೆ ವಯಸ್ಸು ಎಷ್ಟು ಕಾರಣವೋ ಅದನ್ನು ಬಳಸದೆ ಬಿಟ್ಟದ್ದೂ ಅಷ್ಟೇ ಕಾರಣ ಎಂದು ನನಗೆ ಆಗ ಹೊಳೆಯಿತು.

ಮುಪ್ಪೆಂದರೆ ಬರೀ ಹಬ್ಬ ಎಂದು ನಾನು ಹೇಳುತ್ತಿಲ್ಲ. ಮಂಡಿ ನೋಯುತ್ತದೆ. ಫೋನಿನಲ್ಲಿ ಮೂರು ಹೆಸರುಗಳಿವೆ, ಕರೆ ಮಾಡಿದರೆ ಎತ್ತುವವರಿಲ್ಲ, ಅಳಿಸಲು ಮನಸ್ಸಿಲ್ಲ. ಆ ದುಃಖಕ್ಕೆ ಉತ್ಸಾಹದ ಮಾತು ಮದ್ದಲ್ಲ. ಆದರೆ ‘ನಿಮಗೆ ಅರವತ್ತೆರಡು ಎಂದರೆ ನಂಬಲಾಗುವುದಿಲ್ಲ’ ಎಂದು ಯಾರಾದರೂ ಹೊಗಳಿದರೆ ಈಗ ನನಗೆ ಸಂತೋಷವಾಗುವುದಿಲ್ಲ. ದಯವಿಟ್ಟು ನಂಬಿ. ಆ ಅರವತ್ತೆರಡರಲ್ಲಿ ಒಂದು ವರ್ಷವನ್ನೂ ಬಿಟ್ಟುಕೊಡಲು ನಾನು ಸಿದ್ಧಳಿಲ್ಲ. ಸಿಟ್ಟು ಬಂದ ರಾತ್ರಿಯೇ ಉತ್ತರಿಸದೆ ಬೆಳಗಿನವರೆಗೆ ಕಾಯುವುದನ್ನು ಕಲಿಯಲು ನನಗೆ ಐವತ್ತು ವರ್ಷ ಬೇಕಾಯಿತು.

ಈಗ ದಿನವೂ ಬೆಳಿಗ್ಗೆ ಕುರ್ಚಿಯಲ್ಲಿ ಕುಳಿತು, ಎರಡೂ ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು, ಆಸರೆಯಿಲ್ಲದೆ ಎದ್ದು ಮತ್ತೆ ಕೂರುತ್ತೇನೆ. ಮೊದಲ ದಿನ ನಾಲ್ಕಕ್ಕೇ ತೊಡೆ ನಡುಗಿತ್ತು. ಇಂದು ಹನ್ನೊಂದಾಯಿತು. ತಂಗಿ ಎಣಿಸುತ್ತಾಳೆ. ಗೆಳತಿಗೂ ಫೋನ್ ಮಾಡಿ ಹೇಳಿದ್ದೇನೆ, ಸೋಮವಾರದಿಂದ ಈಜಿಗೆ ನಾನೂ ಬರುತ್ತೇನೆ ಎಂದು.