ಅಟ್ಟ ಗುಡಿಸಿದ ಅಳಿಯ

ಭಾನುವಾರದಿಂದ ಮಾವ ನನ್ನ ಹತ್ತಿರ ಸರಿಯಾಗಿ ಮಾತಾಡುತ್ತಿಲ್ಲ. ಫೋನ್ ಎತ್ತಿದರೆ "ಮಗಳಿಗೆ ಕೊಡಿ" ಅನ್ನುತ್ತಾರೆ. ನಾನು ಮಾಡಿದ್ದು ಇಷ್ಟೇ, ಅವರ ಕಂಪ್ಯೂಟರಿನ ಕಸ ತೆಗೆದೆ.

ಹಾಸನದಿಂದ ಬೇಲೂರು, ಚಿಕ್ಕಮಗಳೂರು ದಾಟಿ ಆಲ್ದೂರಿನ ಹತ್ತಿರ ಇರುವ ಅವರ ತೋಟಕ್ಕೆ ಹೋದಾಗಲೆಲ್ಲ ನನಗೆ ಕಂಪ್ಯೂಟರ್ ಮೇಷ್ಟ್ರ ಕೆಲಸ. ಮೊದಲ ದಿನ ಮೌಸ್. "ಬಾಣ ಬಲಗಡೆ ತಗೊಂಡು ಹೋಗಿ ಮಾವ" ಅಂದೆ. ಹೋದರು. ಮೇಜು ಮುಗಿಯಿತು, ಬಾಣ ಇನ್ನೂ ಪರದೆಯ ನಡುವೆಯೇ ಇತ್ತು. "ಅಳಿಯಂದ್ರೇ, ಇದಕ್ಕೆ ದೊಡ್ಡ ಮೇಜು ಬೇಕಾ?" ಮೌಸ್ ಎತ್ತಿ ಈ ಕಡೆ ಇಟ್ಟುಕೊಳ್ಳಬಹುದು ಅನ್ನೋದನ್ನೂ ಹೇಳಿಕೊಡಬೇಕು ಅಂತ ನನಗೆ ಹೊಳೆದೇ ಇರಲಿಲ್ಲ.

ಆಮೇಲೆ ಡಬಲ್ ಕ್ಲಿಕ್. ಮಾವ ಒಂದು ಸಲ ಒತ್ತಿ, ಏನಾಯಿತು ಅಂತ ನೋಡಿ, ಕನ್ನಡಕ ಸರಿಮಾಡಿಕೊಂಡು ಇನ್ನೊಂದು ಸಲ ಒತ್ತುತ್ತಾರೆ. ಫೈಲಿನ ಹೆಸರಿನ ಮೇಲೆ ಹೀಗೆ ನಿಧಾನವಾಗಿ ಎರಡು ಸಲ ಒತ್ತಿದರೆ, ಹೆಸರು ಬದಲಿಸಬೇಕೇನೋ ಅಂದುಕೊಂಡು ಕಂಪ್ಯೂಟರ್ ಕಾಯುತ್ತಾ ಕೂರುತ್ತೆ. ಗಾಬರಿಯಲ್ಲಿ ಯಾವುದೋ ಕೀ ಅದುಮಿ ಎಂಟರ್ ಹೊಡೆದರೆ ನಾಮಕರಣ ಮುಗಿಯಿತು. 'ಕೂಲಿ ಲೆಕ್ಕ' ಹೀಗೆಯೇ 'ಗಗಗಗ' ಆಯಿತು.

ಒಂದೇ ಮಾತಿಗೆ ತಲೆಗೆ ಹೋದದ್ದು ರೀಸೈಕಲ್ ಬಿನ್. "ಬೇಡದ್ದನ್ನ ಇದರೊಳಗೆ ಹಾಕಿ ಮಾವ. ಹೋಗಲ್ಲ, ಅಲ್ಲೇ ಇರುತ್ತೆ. ಬೇಕಾದಾಗ ವಾಪಸ್ ತಗೋಬಹುದು."

"ಓ, ಅಟ್ಟ ಅನ್ನಿ."

ಹ್ಞೂಂ ಅಂದುಬಿಟ್ಟೆ. ಅದೇ ತಪ್ಪು.

ಪರದೆಯನ್ನೇ ಮೇಜು ಮಾಡಿ, ಅದರ ಮೇಲೆ ಫೈಲು, ಫೋಲ್ಡರ್ ಜೋಡಿಸಿಟ್ಟು ಮಾರಾಟಕ್ಕೆ ತಂದದ್ದು 1981ರ ಜೆರಾಕ್ಸ್ ಸ್ಟಾರ್ ಅನ್ನೋ ಕಂಪ್ಯೂಟರ್. 1984ರ ಮ್ಯಾಕಿಂಟಾಷ್‌ನಲ್ಲಿ ಕಸದ ಡಬ್ಬ ಇತ್ತು. ರೀಸೈಕಲ್ ಬಿನ್ ಬಂದದ್ದು ವಿಂಡೋಸ್ 95ರಲ್ಲಿ. ಎಲ್ಲ ಆಫೀಸಿನವರ ಲೆಕ್ಕಾಚಾರ. ಅವರಲ್ಲಿ ಒಬ್ಬರಾದರೂ ಮಲೆನಾಡಿನ ಮನೆಯಲ್ಲಿ ಒಂದು ಮಳೆಗಾಲ ಕಳೆದಿದ್ದರೆ ಬುಟ್ಟಿಯ ಬದಲು ಏಣಿಯ ಚಿತ್ರ ಹಾಕುತ್ತಿದ್ದರು. ಮಾವನ ಮನೆಯಲ್ಲಿ ಏನನ್ನೂ ಬಿಸಾಡುವುದಿಲ್ಲ. ಅಟ್ಟದಲ್ಲಿ ತೂತಾದ ಹಂಡೆ ಇದೆ, ಮೂಕಾದ ರೇಡಿಯೋ ಇದೆ. ಅತ್ತೆ ಹೋಗಿ ನಾಲ್ಕು ವರ್ಷ ಆಯಿತು. ಒಂದು ಕಡ್ಡಿ ಮುರಿದ ಅವರ ಕನ್ನಡಕ ಬಿಸ್ಕತ್ತಿನ ಡಬ್ಬಿಯಲ್ಲಿ, ಹತ್ತಿಯ ಮೇಲೆ, ಅಲ್ಲೇ ಮಲಗಿದೆ.

ಇಂಥವರು ಫೈಲುಗಳನ್ನು ಎಲ್ಲಿ ಇಡುತ್ತಾರೆ? ಎಲ್ಲ ಬಿನ್‌ನಲ್ಲಿ. ಕಾಳುಮೆಣಸಿನ ಲೆಕ್ಕ, ಗೊಬ್ಬರದ ಬಿಲ್ಲು, ಮೊಮ್ಮಗಳ ಫೋಟೋ. ಬಿನ್ ಒಳಗಿದ್ದಾಗ ಫೈಲು ತೆರೆಯೋದಿಲ್ಲ ಅಲ್ವಾ? ಅದಕ್ಕೆ ದಿನಾ ಸಂಜೆ ರಿಸ್ಟೋರ್ ಒತ್ತಿ ಕೆಳಗಿಳಿಸಿ, ಎರಡು ಸಾಲು ಬರೆದು, ಡಿಲೀಟ್ ಒತ್ತಿ ಮತ್ತೆ ಮೇಲೆ ಹಾಕುತ್ತಿದ್ದರಂತೆ. ಮೂರು ವರ್ಷ! ಒಂದು ದಿನವೂ ತಪ್ಪಿಸಿಲ್ಲ.

ಭಾನುವಾರ ನಾನು ನೋಡಿದಾಗ ಡೆಸ್ಕ್‌ಟಾಪ್ ಸಾರಿಸಿದ ಅಂಗಳದ ಹಾಗಿತ್ತು. ಭೇಷ್, ಮಾವ ಕಲಿತುಬಿಟ್ಟರು ಅಂದುಕೊಂಡೆ. ಬಿನ್ ಮಾತ್ರ ಬಿರಿಯೋ ಹಾಗಿತ್ತು. ಸುಮ್ನೆ ಇರಲಾರದೆ ಖಾಲಿ ಮಾಡು ಅಂದೆ. ಪಾಪ, ಕಂಪ್ಯೂಟರ್ ಕೇಳಿತು, ಪೂರ್ತಿ ಅಳಿಸಲಾ ಅಂತ. ಹೌದು ಅಂದೆ. ಪರಪರ ಕಾಗದ ಮುದುರಿದ ಸದ್ದು. ಅಡಿಗೆಮನೆಯಿಂದ ಮಾವ ಕಾಫಿ ಲೋಟ ಹಿಡಿದು ಬಂದರು.

"ಏನದು ಸದ್ದು?"

"ಕಸ ತೆಗೆದೆ ಮಾವ."

"ಯಾವ ಕಸ?"

ಕಾಫಿ ನನಗೆ ಅಂತಲೇ ತಂದಿದ್ದರು. ಅವರೇ ಕುಡಿದರು.

ಹಾರ್ಡ್ ಡಿಸ್ಕಿನಲ್ಲಾದರೆ ಖಾಲಿ ಮಾಡಿದ ತಕ್ಷಣ ಫೈಲು ಅಳಿಸಿಹೋಗುವುದಿಲ್ಲ. ಆ ಜಾಗ ಖಾಲಿ ಅಂತ ಗುರುತು ಬೀಳುತ್ತೆ, ಅಷ್ಟೇ. ಅದರ ಮೇಲೆ ಇನ್ನೇನೂ ಬರೆಯದಿದ್ದರೆ ಸಿಗುವ ಆಸೆ ಇರುತ್ತೆ. ಅದನ್ನೇ ನಂಬಿ ತಕ್ಷಣ ಆಫ್ ಮಾಡಿ, ಕಂಪ್ಯೂಟರನ್ನು ಕಾರಿನ ಡಿಕ್ಕಿಯಲ್ಲಿಟ್ಟು ಹಾಸನಕ್ಕೆ ತಂದೆ. ರಿಪೇರಿ ಹುಡುಗ ಹುಡುಕಿಕೊಟ್ಟ. ಆದರೆ ಹೆಸರೆಲ್ಲ ಹೋಗಿ ಬರೀ ನಂಬರ್ ಉಳಿದಿವೆ. ರಾತ್ರಿ ಊಟ ಆದಮೇಲೆ ಒಂದೊಂದಾಗಿ ತೆರೆದು ನೋಡುತ್ತಿದ್ದೇನೆ. ಹೆಚ್ಚಿನವು ಮೊಮ್ಮಗಳ ಫೋಟೋ.

ಇವತ್ತು ಹೆಂಡತಿಯ ಮೂಲಕ ಸುದ್ದಿ ಬಂತು. "ಅಪ್ಪ ಹೇಳಿದ್ರು, ಮೊದಲು ಗಗಗಗ ಹುಡುಕಬೇಕಂತೆ. ಶನಿವಾರ ಬಟವಾಡೆ."