ನೀರು ಇಳಿದ ಮೇಲೆ ಕೇಳುವವರು ಯಾರು?

ನಮ್ಮ ಅಕ್ಕನ ಮನೆ ಹಳೇ ದಾವಣಗೆರೆಯ ಒಂದು ಓಣಿಯಲ್ಲಿದೆ. ನಾನು ಚಿಕ್ಕವನಿದ್ದಾಗ ಆ ಮನೆಯೊಳಗೆ ಹೋಗಲು ಎರಡು ಮೆಟ್ಟಿಲು ಹತ್ತಬೇಕಿತ್ತು. ಈಗ ಒಂದು ಮೆಟ್ಟಿಲು ಇಳಿಯಬೇಕು. ಮನೆ ಕುಸಿದಿಲ್ಲ, ರಸ್ತೆ ಮೇಲೆದ್ದಿದೆ. ಡಾಂಬರಿನ ಮೇಲೆ ಡಾಂಬರು, ಅದರ ಮೇಲೆ ಕಾಂಕ್ರೀಟು. ರಸ್ತೆ ಹೊಸದಾದಾಗಲೆಲ್ಲ ಓಣಿಯವರು ಖುಷಿಪಟ್ಟರು, ನಾನೂ ಪಟ್ಟೆ. ಈಗ ಜೋರು ಮಳೆ ಬಂದರೆ ಚರಂಡಿ ನೀರು ಹೊಸ್ತಿಲು ದಾಟಿ ಸೀದಾ ಒಳಗೆ ಬರುತ್ತದೆ. ಒಮ್ಮೆ ರಾತ್ರಿ ಎರಡು ಗಂಟೆಗೆ ಬಂತು. ಅಕ್ಕ ಅಕ್ಕಿ ಚೀಲವನ್ನು ಮಂಚದ ಮೇಲಿಟ್ಟಳು, ಮಂಡಕ್ಕಿ ಡಬ್ಬ ಅಟ್ಟಕ್ಕೆ ಏರಿತು, ಭಾವನ ಬಿಪಿ ಮಾತ್ರೆಗಳನ್ನು ಸೆರಗಿಗೆ ಕಟ್ಟಿಕೊಂಡಳು. ಬೆಳಗ್ಗೆ ನೀರು ಇಳಿಯಿತು. ಗೋಡೆಯ ಮೇಲೆ ಮೊಣಕಾಲೆತ್ತರಕ್ಕೆ ಒಂದು ಕಂದು ಗೆರೆ ಉಳಿಯಿತು. ದೀಪಾವಳಿಗೆ ಸುಣ್ಣ ಬಳಿದರು. ಗೆರೆ ಹೋಯಿತು.

ನಾನೀಗ ಇರುವುದು ಇಂಗ್ಲೆಂಡಿನ ವೆಸ್ಟ್ ಯಾರ್ಕ್‌ಷೈರ್‌ನಲ್ಲಿ, ಕಾಲ್ಡರ್ ನದಿಯ ಕಣಿವೆಯಲ್ಲಿ. ಇಲ್ಲಿ ಒಂದು ಹಳೇ ಪಬ್ಬಿನ ಗೋಡೆಯ ಮೇಲೂ ಅಂಥದ್ದೇ ಗೆರೆ ಇದೆ. ಅದನ್ನು ಯಾರೂ ಅಳಿಸಿಲ್ಲ. ಪಕ್ಕದಲ್ಲಿ ತಾರೀಖು ಬರೆದು ಉಳಿಸಿಕೊಂಡಿದ್ದಾರೆ. ಈ ಎರಡು ಗೋಡೆಗಳು ನನ್ನ ತಲೆಯಲ್ಲಿ ಒಟ್ಟೊಟ್ಟಿಗೇ ಓಡಾಡುತ್ತವೆ.

ಈ ಕಣಿವೆಗೂ ನಮ್ಮೂರಿಗೂ ಹೋಲಿಕೆ ಕಮ್ಮಿಯೇನಲ್ಲ. ದಾವಣಗೆರೆ ಹತ್ತಿ ಗಿರಣಿಗಳಿಂದ ಬೆಳೆದು, ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರು. ಇಲ್ಲಿನ ಹ್ಯಾಲಿಫ್ಯಾಕ್ಸ್ ಉಣ್ಣೆ ಬಟ್ಟೆ ಮತ್ತು ಕಾರ್ಪೆಟ್ಟಿನ ಊರು. ಇಲ್ಲೂ ಗಿರಣಿಗಳು ಮುಚ್ಚಿದವು, ಜನ ಬೀದಿಗೆ ಬಿದ್ದರು. ಆಮೇಲೆ ಊರನ್ನು ಮತ್ತೆ ಎಬ್ಬಿಸುವ ಕೆಲಸ ಶುರುವಾಯಿತು. ಡೀನ್ ಕ್ಲಫ್ ಅನ್ನುವ ದೊಡ್ಡ ಕಾರ್ಪೆಟ್ ಗಿರಣಿ ಇವತ್ತು ಕಚೇರಿ, ಗ್ಯಾಲರಿ, ಹೋಟೆಲುಗಳ ಜಾಗ. 1779ರಲ್ಲಿ ಬಟ್ಟೆ ವ್ಯಾಪಾರಕ್ಕೆಂದು ಕಟ್ಟಿದ ಪೀಸ್ ಹಾಲ್ ದುರಸ್ತಿಯಾಗಿ 2017ರಲ್ಲಿ ಮತ್ತೆ ತೆರೆಯಿತು. ಅದರ ಅಂಗಳದಲ್ಲಿ ನಿಂತಾಗಲೆಲ್ಲ ನಮ್ಮ ಮಂಡಕ್ಕಿ ಭಟ್ಟಿಗಳು ನೆನಪಾಗುತ್ತವೆ.

ಕಣಿವೆಯ ದೊಡ್ಡ ಕಷ್ಟ ನದಿ. ಎರಡೂ ಕಡೆ ಕಡಿದಾದ ಗುಡ್ಡ, ಮಧ್ಯೆ ಇಕ್ಕಟ್ಟಿನಲ್ಲಿ ನದಿ, ರಸ್ತೆ, ಮನೆ ಎಲ್ಲಾ. ಗುಡ್ಡದ ಮೇಲೆ ಬಿದ್ದ ಮಳೆ ಗಂಟೆಗಳಲ್ಲಿ ಕೆಳಗಿರುತ್ತದೆ. 2015ರಲ್ಲಿ ಕ್ರಿಸ್‌ಮಸ್ ಮರುದಿನವೇ ಟಾಡ್‌ಮಾರ್ಡನ್, ಹೆಬ್ಡನ್ ಬ್ರಿಡ್ಜ್, ಮೈಥಮ್‌ರಾಯ್ಡ್ ಮುಳುಗಿದವು. 2020ರ ಫೆಬ್ರವರಿ 9ಕ್ಕೆ ಕಿಯಾರಾ ಬಿರುಗಾಳಿ ಬಂದು ಮತ್ತೆ ಮುಳುಗಿದವು. ಪ್ರವಾಹ ಬರುತ್ತದೆ ಎಂದಾಗ ಇಲ್ಲಿ ಸೈರನ್ ಕೂಗುತ್ತದೆ. ಆ ಸದ್ದು ಒಮ್ಮೆ ಕೇಳಿದರೆ ಸಾಕು, ಹೊಟ್ಟೆಯಲ್ಲಿ ಕೂತುಬಿಡುತ್ತದೆ.

ನೀರು ಇಳಿದ ಮೇಲೆ ನಾನು ಕಂಡದ್ದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪಕ್ಕದ ಮನೆಯ ಅಜ್ಜಿ ಕೌನ್ಸಿಲ್, ಅಂದರೆ ಇಲ್ಲಿನ ಪಾಲಿಕೆಯ ಸಭೆಗೆ ಹೊರಟಿದ್ದರು, ಒಬ್ಬರೇ ಹೋಗಬೇಕಲ್ಲ ಅಂತ ನಾನೂ ಜೊತೆಗೆ ಹೋದೆ. ಅದು ಪೂರ್ತಿ ಕೌನ್ಸಿಲ್ ಸಭೆಯಲ್ಲ, ಸ್ಕ್ರೂಟಿನಿ ಸಮಿತಿಯದು. ಊರಿನ ಆಡಳಿತ ಮಾಡುವ ಕ್ಯಾಬಿನೆಟ್ ಬೇರೆ, ಆ ಕ್ಯಾಬಿನೆಟ್ಟನ್ನು ಪ್ರಶ್ನೆ ಕೇಳುವ ಈ ಸಮಿತಿ ಬೇರೆ. ಕ್ಯಾಬಿನೆಟ್‌ನಲ್ಲಿ ಇರುವವರು ಇದರಲ್ಲಿ ಕೂರುವಂತಿಲ್ಲ. 2000ದ ಸ್ಥಳೀಯ ಸರ್ಕಾರ ಕಾಯ್ದೆಯಿಂದ ಈ ಪದ್ಧತಿ ಬಂತು. ಏನು ಚರ್ಚೆ ಅನ್ನುವ ಪಟ್ಟಿಯನ್ನು ಐದು ಕೆಲಸದ ದಿನ ಮೊದಲೇ ಎಲ್ಲರಿಗೂ ಸಿಗುವಂತೆ ಇಡಬೇಕು. ಯಾರು ಬೇಕಾದರೂ ಹೋಗಿ ಕೂರಬಹುದು.

ಸಭೆಯಲ್ಲಿ ಗಲಾಟೆ ಇರಲಿಲ್ಲ. ಕನ್ನಡಕ ಹಾಕಿಕೊಂಡ ಒಬ್ಬ ಸದಸ್ಯೆ ಹಳೇ ವರದಿಯ ಹಾಳೆ ತಿರುವುತ್ತಾ ಅಧಿಕಾರಿಯನ್ನು ಕೇಳಿದರು: ‘ಆರು ತಿಂಗಳ ಹಿಂದೆ ಈ ಬೀದಿಯ ಮೋರಿಗಳನ್ನು ಸ್ವಚ್ಛ ಮಾಡುತ್ತೇವೆ ಅಂದಿದ್ದಿರಿ. ಎಷ್ಟು ಆಗಿದೆ?’ ಅವರು ಇಷ್ಟಾಗಿದೆ, ಇಷ್ಟು ಬಾಕಿ ಇದೆ ಎಂದರು. ‘ಬಾಕಿ ಯಾವಾಗ?’ ತಿಂಗಳು ಹೇಳಿದರು. ಅದನ್ನು ಬರೆದುಕೊಂಡರು. ಅಷ್ಟೇ. ಆ ‘ಆರು ತಿಂಗಳ ಹಿಂದೆ’ ಅನ್ನುವ ಮಾತು ಕೇಳಿ ನನಗೆ ಮೈ ಜುಮ್ಮೆಂದಿತು. ಕೇಳಿದ್ದನ್ನು ನೆನಪಿಟ್ಟುಕೊಂಡು ಮತ್ತೆ ಕೇಳುವುದೇ ಒಬ್ಬರ ಕೆಲಸ ಅಂತ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಅಜ್ಜಿಯ ಪ್ರಶ್ನೆ ಬೇರೆ ಇತ್ತು. ಮೊದಲ ವಾರ ಎಲ್ಲರೂ ಬರುತ್ತಾರೆ, ಸೂಪು, ಕಂಬಳಿ ಎಲ್ಲಾ ಕೊಡುತ್ತಾರೆ, ಮೂರನೇ ತಿಂಗಳು ಗೋಡೆ ಇನ್ನೂ ಒಣಗಿರುವುದಿಲ್ಲ, ಒಂಟಿಯಾಗಿರುವ ಮುದುಕರ ಮನೆಗೆ ಆಗ ಯಾರು ಬರುತ್ತಾರೆ ಅಂತ. ಸಮಿತಿ ಅದನ್ನೂ ಬರೆದುಕೊಂಡಿತು, ಮುಂದಿನ ಸಭೆಗೆ ಹಾಕಿತು.

ಇದರ ಹಿಂದೆ ಕಾನೂನಿದೆ. 2007ರ ಬೇಸಿಗೆಯಲ್ಲಿ ಇಂಗ್ಲೆಂಡಿನ ಎಷ್ಟೋ ಕಡೆ ಪ್ರವಾಹ ಬಂತು. ಮಾರನೇ ವರ್ಷ ಆ ಪ್ರವಾಹದ ಬಗ್ಗೆ ತಯಾರಾದ ಪಿಟ್ ವರದಿ 92 ಶಿಫಾರಸು ಕೊಟ್ಟಿತು. ಅದರಿಂದ 2010ರಲ್ಲಿ ಪ್ರವಾಹ ಮತ್ತು ನೀರು ನಿರ್ವಹಣೆ ಕಾಯ್ದೆ ಬಂತು. ಅದರ 19ನೇ ಕಲಮಿನ ಪ್ರಕಾರ, ನೆರೆ ಬಂದಾಗ ಅದು ಯಾರ ಹೊಣೆ, ಅವರು ಏನು ಮಾಡಿದರು ಅನ್ನುವುದನ್ನು ಕೌನ್ಸಿಲ್ ಅಗತ್ಯ ಅನ್ನಿಸಿದಷ್ಟು ತನಿಖೆ ಮಾಡಿ ಜನರ ಮುಂದಿಡಬೇಕು. ನದಿ ನೋಡಿಕೊಳ್ಳುವ ಏಜೆನ್ಸಿ ಬೇರೆ, ಒಳಚರಂಡಿಯ ಕಂಪನಿ ಬೇರೆ. ಆದರೆ ಸ್ಕ್ರೂಟಿನಿ ಸಮಿತಿ ಮಾಹಿತಿ ಕೇಳಿದರೆ ಇಬ್ಬರೂ ಕೊಡಲೇಬೇಕು. ‘ಅದು ನಮಗೆ ಬರಲ್ಲ, ಅವರನ್ನು ಕೇಳಿ’ ಅಂತ ಕೈತೊಳೆದುಕೊಳ್ಳಲು ಆಗುವುದಿಲ್ಲ.

ನಮ್ಮೂರಲ್ಲಿ ನಾವು ಹೆಚ್ಚು ಕೇಳಿದ ಮಾತೇ ಅದು, ಅಲ್ವಾ? ಅಕ್ಕನ ಮನೆಗೆ ನೀರು ನುಗ್ಗಿದ ಮೇಲೆ ಅರ್ಜಿ ಹಿಡಿದು ಓಡಾಡಿದೆವು. ಒಂದು ಕಚೇರಿಯಲ್ಲಿ ಚರಂಡಿ ನಮ್ಮದು, ರಸ್ತೆ ನಮ್ಮದಲ್ಲ ಅಂದರು. ಇನ್ನೊಂದರಲ್ಲಿ ರಸ್ತೆ ಯೋಜನೆ ಮುಗಿದುಹೋಗಿದೆ ಅಂದರು. ನನ್ನ ರಜೆಯೂ ಮುಗಿಯಿತು.

ಆದರೆ ನಮ್ಮ ಜನರ ಬಗ್ಗೆ ಒಂದು ಮಾತು ಹೇಳಲೇಬೇಕು. ನೀರು ಬಂದ ಆ ರಾತ್ರಿ ಎದುರು ಮನೆಯವರು ಮಹಡಿಯ ಕೋಣೆ ಬಿಟ್ಟುಕೊಟ್ಟರು. ಬೆಳಗ್ಗೆ ಆರಕ್ಕೆ ಓಣಿಯ ಹುಡುಗರು ಬಕೆಟ್ ಹಿಡಿದು ಬಂದರು. ಯಾರೂ ಕರೆದಿರಲಿಲ್ಲ. ಮಲೆನಾಡಲ್ಲಿ ಮಳೆ ಜಾಸ್ತಿಯಾಗಿ ಗಾಜನೂರಿನ ತುಂಗಾ ಅಣೆಕಟ್ಟಿನ ಗೇಟು ಎತ್ತಿದರೆ, ಭದ್ರಾ ಅಣೆಕಟ್ಟು ತುಂಬಿ ನೀರು ಹೊರಗೆ ಬಿಟ್ಟರೆ, ದಾವಣಗೆರೆಯಲ್ಲಿ ಒಂದು ಹನಿ ಬೀಳದಿದ್ದರೂ ಹೊನ್ನಾಳಿಯ ಬಾಲರಾಜ್ ಘಾಟಿಗೆ, ಹರಿಹರದ ಗಂಗಾನಗರಕ್ಕೆ ತುಂಗಭದ್ರೆ ನುಗ್ಗುತ್ತಾಳೆ. ಆಗ ಕಾಳಜಿ ಕೇಂದ್ರ ತೆರೆಯುತ್ತಾರೆ, ಊಟ, ಹಾಸಿಗೆ ಕೊಡುತ್ತಾರೆ. ಆಶಾ ಕಾರ್ಯಕರ್ತೆಯರು, ಅಂಗನವಾಡಿ ಟೀಚರು ಮನೆಮನೆ ಸುತ್ತುತ್ತಾರೆ. ಯಾವ ಮನೆಯಲ್ಲಿ ಬಾಣಂತಿ ಇದ್ದಾಳೆ, ಯಾರಿಗೆ ಎದ್ದು ನಡೆಯಲು ಆಗಲ್ಲ ಅನ್ನುವುದು ಅವರಿಗೆ ಬಾಯಿಪಾಠ. ಯಾರ್ಕ್‌ಷೈರ್‌ನಲ್ಲಿ ಈ ಮಾಹಿತಿಗೆ ಕಂಪ್ಯೂಟರ್ ತಡಕಬೇಕು.

ನೀರು ಇಳಿಯುತ್ತದೆ, ಕೇಂದ್ರ ಮುಚ್ಚುತ್ತಾರೆ. ಮುಂದಿನ ವರ್ಷ ಅದೇ ಬೀದಿ, ಅದೇ ಮನೆಗಳು. ಹೋದ ವರ್ಷ ಏನು ಹೇಳಿದ್ದಿರಿ, ಎಷ್ಟು ಮಾಡಿದಿರಿ ಅಂತ ಕೇಳುವ ಕುರ್ಚಿ ಒಂದೂ ಇಲ್ಲ. ನನ್ನ ದೂರು ಇದೊಂದೇ. ಕೆಲಸ ಮಾಡುವವರು ನಮ್ಮಲ್ಲಿ ಇದ್ದಾರೆ. ಲೆಕ್ಕ ಕೇಳುವವರಿಗೆ ಜಾಗ ಇಲ್ಲ.

ಕಾನೂನು ನಮ್ಮಲ್ಲೂ ಇದೆ. ಸಂವಿಧಾನದ 74ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂತು. ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ನಗರದಲ್ಲಿ ವಾರ್ಡ್ ಸಮಿತಿ ಇರಬೇಕು ಅನ್ನುತ್ತದೆ ಅದು. ದಾವಣಗೆರೆ 2011ರ ಜನಗಣತಿಯಲ್ಲೇ ನಾಲ್ಕು ಲಕ್ಷ ದಾಟಿದೆ. ಪಾಲಿಕೆಯಲ್ಲಿ 45 ವಾರ್ಡುಗಳಿವೆ. ಅಕ್ಕನ ಓಣಿಯಲ್ಲಿ ವಾರ್ಡ್ ಸಮಿತಿ ಅಂತ ಕೇಳಿ ನೋಡಿದೆ. ಆ ಹೆಸರು ಕೇಳಿದವರು ಒಬ್ಬರೂ ಸಿಗಲಿಲ್ಲ.

ಸ್ಮಾರ್ಟ್ ಸಿಟಿ ವಿಷಯಕ್ಕೆ ಬರುತ್ತೇನೆ. 2016ರ ಜನವರಿಯಲ್ಲಿ ಮೊದಲ 20 ನಗರಗಳ ಪಟ್ಟಿಯಲ್ಲೇ ನಮ್ಮೂರ ಹೆಸರಿತ್ತು. ದೂರದಲ್ಲಿ ಕೂತು ಎಷ್ಟು ಹಿಗ್ಗಿದ್ದೆ! ಆದರೆ ಆ ಯೋಜನೆಯ ರಚನೆಯೇ ಹಾಗಿತ್ತು. ದೇಶದ ಎಲ್ಲಾ ಸ್ಮಾರ್ಟ್ ಸಿಟಿಗಳಲ್ಲೂ ಹಣ, ಕೆಲಸ ಎರಡೂ ಅದಕ್ಕೆಂದೇ ಮಾಡಿದ ಕಂಪನಿಯ ಕೈಯಲ್ಲಿ. ನಾವು ಓಟು ಹಾಕಿ ಕಳಿಸಿದ ಕಾರ್ಪೊರೇಟರು ದಿನನಿತ್ಯದ ತೀರ್ಮಾನಗಳಿಂದ ದೂರವೇ ಉಳಿದರು. ಊರಿಗೆ ಹೊಸ ರೂಪ ಕೊಡುವವರು ಒಬ್ಬರು, ಅದರ ನೀರು ಮನೆಗೆ ನುಗ್ಗಿದರೆ ಬೈಸಿಕೊಳ್ಳುವವರು ಇನ್ನೊಬ್ಬರು. ರಸ್ತೆ ಎತ್ತರಿಸುವ ಮುಂಚೆ ‘ಈ ನೀರು ಎಲ್ಲಿಗೆ ಹೋಗುತ್ತದೆ?’ ಅಂತ ಒಬ್ಬರು ಕೇಳಿದ್ದರೆ ಸಾಕಿತ್ತು. ಹೆಸರಲ್ಲೇ ಕೆರೆ ಇಟ್ಟುಕೊಂಡ ಊರು ನಮ್ಮದು.

ಹಳ್ಳಿಗಳ ಕಥೆ ಇನ್ನೂ ಬೇಸರದ್ದು. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ಆಯಿತು, 2021ರಲ್ಲಿ ಅವಧಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಅಧಿಕಾರಿಗಳದ್ದೇ ಆಡಳಿತ. ಅಲ್ಲಿ ಪ್ರಶ್ನೆ ಕೇಳುವ ಸದಸ್ಯರೇ ಇರಲಿಲ್ಲ.

ಇಂಗ್ಲೆಂಡಿನದು ಎಲ್ಲಾ ಸರಿ ಅಂತ ನಾನು ಹೇಳುತ್ತಿಲ್ಲ. ಸ್ಕ್ರೂಟಿನಿ ಸಮಿತಿಗೆ ಆದೇಶ ಕೊಡುವ ಅಧಿಕಾರ ಇಲ್ಲ. ಶಿಫಾರಸು ಮಾಡಬಹುದು, ಕ್ಯಾಬಿನೆಟ್ ಎರಡು ತಿಂಗಳೊಳಗೆ ಉತ್ತರ ಕೊಡಬೇಕು, ‘ಆಗಲ್ಲ’ ಅಂತಲೂ ಕೊಡಬಹುದು. 2010ರ ನಂತರ ಸರ್ಕಾರ ಕೌನ್ಸಿಲ್‌ಗಳ ಅನುದಾನ ಕಡಿದದ್ದರಿಂದ ದೇಶದ ಎಷ್ಟೋ ಕಡೆ ಲೈಬ್ರರಿ, ಯುವಕೇಂದ್ರಗಳು ಮುಚ್ಚಿದವು. ಒಳ್ಳೆಯ ಪ್ರಶ್ನೆಗೂ ಕೆಲವು ಸಲ ‘ದುಡ್ಡಿಲ್ಲ’ ಅನ್ನುವುದೇ ಉತ್ತರ. ಸಭೆಗೆ ಬರುವ ಜನರೂ ಕಮ್ಮಿ. ಅವತ್ತು ನಾನು, ಅಜ್ಜಿ, ಇನ್ನಿಬ್ಬರು. ಆದರೂ ಉತ್ತರ ಕಾಗದದ ಮೇಲಿರುತ್ತದೆ. ಮುಂದಿನ ಸಲ ಅದನ್ನೇ ಹಿಡಿದು ಕೇಳಬಹುದು.

ಲೆಕ್ಕ ಕೇಳುವುದು ನಮಗೇನು ಹೊಸದಲ್ಲ. ಗ್ರಾಮ ಪಂಚಾಯಿತಿಗಳಲ್ಲಿ ಜಮಾಬಂದಿ ಅಂತಲೇ ಇದೆ. ವರ್ಷದ ಖರ್ಚು, ಕಾಮಗಾರಿ ಎಲ್ಲವನ್ನೂ ಜನರ ಎದುರು ಓದಿ ಹೇಳಬೇಕು, ಕಾಮಗಾರಿಯ ಜಾಗಕ್ಕೇ ಹೋಗಿ ನೋಡಬೇಕು. ಹಳ್ಳಿಗೆ ಇರುವ ಈ ಪದ್ಧತಿ ನಗರದ ಓಣಿಗೆ ಯಾಕೆ ಬೇಡ? ಪ್ರತಿ ವಾರ್ಡಲ್ಲಿ ವರ್ಷಕ್ಕೆ ಎರಡು ಸಲ ನೀರಿನ ಜಮಾಬಂದಿ ಆಗಲಿ. ಒಂದು ಫೆಬ್ರವರಿಯಲ್ಲಿ, ಚರಂಡಿ ಒಣಗಿದ್ದಾಗ. ಇನ್ನೊಂದು ಮಳೆ ಮುಗಿದ ಮೇಲೆ. ಪಾಲಿಕೆ, ರೈಲ್ವೆ, ಹೆದ್ದಾರಿ, ನೀರಾವರಿಯವರು ಒಂದೇ ಮೇಜಿಗೆ ಬರಲಿ. ಆಶಾ ಮತ್ತು ಅಂಗನವಾಡಿಯವರಿಗೆ ಮುಂದಿನ ಸಾಲಲ್ಲಿ ಕುರ್ಚಿ ಹಾಕಲಿ.

ಇದನ್ನೆಲ್ಲ ಫೋನಲ್ಲಿ ಹೇಳಿದಾಗ ಅಕ್ಕ, ‘ಸಭೆ ಕರೆಯೋರು ಕರೀಲಿ, ನಾನು ಬರೆದಿಡ್ತೀನಿ’ ಅಂದಳು. ಮೊಮ್ಮಗಳ ಹಳೇ ನೋಟ್‌ಬುಕ್ಕಿನಲ್ಲಿ ಬರೆಯಲು ಶುರುಮಾಡಿದ್ದಾಳೆ. ಮೊದಲ ಪುಟದ ಫೋಟೋ ಕಳಿಸಿದ್ದಳು. ‘ಜೂನ್ 3: ಚರಂಡಿ ಹೂಳು ತೆಗೆದು ದಂಡೆಗೆ ಹಾಕಿದರು. ಜೂನ್ 5: ಹೂಳು ಇನ್ನೂ ಅಲ್ಲೇ ಇದೆ. ಜೂನ್ 9: ರಾತ್ರಿ ಮಳೆ, ಹೂಳು ವಾಪಸ್ ಒಳಗೆ.’ ಕೆಳಗೆ ಓಣಿಯ ನಾಲ್ಕು ಹೆಂಗಸರು ಸಹಿ ಹಾಕಿದ್ದಾರೆ. ಈ ವರ್ಷ ಸುಣ್ಣ ಬಳಿಯುವಾಗ ಬಾಗಿಲ ಹಿಂದಿನ ಒಂದು ಮೊಳ ಗೋಡೆಯನ್ನು ಬಿಡುತ್ತಾಳಂತೆ.