ಸ್ವೆಟರ್ ಮಾರುವ ಟಿಬೆಟಿಯನ್ನರ ಬಗ್ಗೆ ಹರಿದಾಡುತ್ತಿರುವ ಸಂದೇಶ: ಸ್ಪಷ್ಟನೆ

"ಚಿಕ್ಕಮಗಳೂರಿನಲ್ಲಿ ಸ್ವೆಟರ್ ಮಾರುವ ಟಿಬೆಟಿಯನ್ನರು ಅಕ್ರಮ ವಲಸಿಗರು, ಅವರಿಗೆ ವ್ಯಾಪಾರದ ಹಕ್ಕಿಲ್ಲ, ಬೈಲಕುಪ್ಪೆಯ ಜಮೀನನ್ನು ಸರ್ಕಾರ ಅವರ ಹೆಸರಿಗೇ ಬರೆದುಕೊಟ್ಟಿದೆ" ಎಂಬ ವಾಟ್ಸಾಪ್ ಸಂದೇಶ ಓಡಾಡುತ್ತಿದೆ. ಮೂರೂ ಮಾತು ತಪ್ಪು.

1960ರ ದಶಕದ ಆರಂಭದಲ್ಲಿ ಬೈಲಕುಪ್ಪೆಯಲ್ಲಿ ಅವರಿಗೆ ನೆಲೆ ಕೊಟ್ಟಿದ್ದು ಸರ್ಕಾರವೇ. ಅಲ್ಲಿನ ಜಮೀನು ಗುತ್ತಿಗೆಯದು, ಒಡೆತನದ್ದಲ್ಲ. ಇಲ್ಲಿ ವಾಸಿಸಲು ಸರ್ಕಾರ ಕೊಡುವ ನೋಂದಣಿ ಪ್ರಮಾಣಪತ್ರ ಪಡೆದು, ಅವಧಿ ಮುಗಿಯುವ ಮೊದಲೇ ನವೀಕರಿಸಿಕೊಂಡವರ ವಾಸ ಕಾನೂನುಬದ್ಧ. 1950ರ ಜನವರಿ 26ರಿಂದ 1987ರ ಜೂನ್ 30ರ ನಡುವೆ ಭಾರತದಲ್ಲಿ ಹುಟ್ಟಿದವರಂತೂ ಪೌರತ್ವ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ ಹುಟ್ಟಿನಿಂದಲೇ ಭಾರತೀಯರು.

ರಾಜ್ಯಗಳು ಅವರಿಗೆ ವ್ಯಾಪಾರ ಪರವಾನಗಿ ಕೊಡಬಹುದೆಂದು ಕೇಂದ್ರದ 2014ರ ಟಿಬೆಟಿಯನ್ ಪುನರ್ವಸತಿ ನೀತಿಯಲ್ಲೇ ಇದೆ. ಅಂಗಡಿ ಎಲ್ಲಿ ಹಾಕಬೇಕೆಂಬುದು ನಗರಸಭೆಗೆ ಬಿಟ್ಟದ್ದು. ಜಾಗದ ತಕರಾರಿದ್ದರೆ ಅಲ್ಲಿಗೆ ಅರ್ಜಿ ಕೊಡಿ.

ಈ ಸ್ವೆಟರ್‌ಗಳು ಹೆಚ್ಚಾಗಿ ಲೂಧಿಯಾನದ ಸಗಟು ವ್ಯಾಪಾರಿಗಳಿಂದ ಸಾಲದ ಮೇಲೆ ಬರುತ್ತವೆ. ಸೀಸನ್ ಮುಗಿಯುತ್ತಲೇ ಹಣ ತೀರಿಸಬೇಕು. ಚಳಿಗಾಲದಲ್ಲಿ ಒಂದು ವಾರ ಗಿರಾಕಿ ತಪ್ಪಿದರೂ ಉಳಿದ ಸರಕು, ಉಳಿದ ಸಾಲ ಎರಡೂ ಆ ಕುಟುಂಬದ ತಲೆಮೇಲೆ. ಇಂಥ ಸಂದೇಶದ ಪೆಟ್ಟು ನೇರವಾಗಿ ಅಲ್ಲಿಗೇ ಬೀಳುತ್ತದೆ.

ದಯವಿಟ್ಟು ಅದನ್ನು ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ ಅಳಿಸಿ, ಅದೇ ಗ್ರೂಪಿಗೆ ಈ ಸ್ಪಷ್ಟನೆ ಹಾಕಿ.